ನಿಂತ ಸಾಲಿನಿಂದ ಕಾರಣದವರೆಗೆ: ಲಿನಕ್ಸ್ ಕರ್ನಲ್ ನಿರ್ಮಾಣದ ದೋಷಶೋಧನೆ ಮತ್ತು ವೃತ್ತಿ ಜಾನಪದ

೧. ಪೀಠಿಕೆ

ಒಂದು ಕಸುಬಿನಲ್ಲಿ ನುರಿತವರು ಆ ಕಸುಬಿನಲ್ಲಿ ಉಂಟಾಗುವ ಕೇಡನ್ನು ಹೇಗೆ ಗುರುತಿಸುತ್ತಾರೆ ಎಂಬುದು ವೃತ್ತಿ ಜಾನಪದದ ಅಧ್ಯಯನದಲ್ಲಿ ಮುಖ್ಯವಾದ ಪ್ರಶ್ನೆ. ನೇಯ್ದ ಬಟ್ಟೆಯಲ್ಲಿ ದೋಷ ಕಂಡಾಗ ನೇಕಾರನು ಬಟ್ಟೆಯನ್ನಷ್ಟೇ ನೋಡುವುದಿಲ್ಲ. ಹಾಸಿನ ಎಳೆ, ಹೊಕ್ಕಿನ ನೂಲು, ಲಾಳಿಯ ಓಟ ಇವುಗಳನ್ನು ಒಂದೊಂದಾಗಿ ಪರಿಶೀಲಿಸುತ್ತ ಹಿಂದಕ್ಕೆ ಹೋಗುತ್ತಾನೆ. ದೋಷ ಕಂಡ ಸ್ಥಳವೂ ದೋಷ ಹುಟ್ಟಿದ ಸ್ಥಳವೂ ಬೇರೆ ಬೇರೆ ಎಂಬ ತಿಳಿವಳಿಕೆ ಅವನಿಗೆ ಪುಸ್ತಕದಿಂದ ಬಂದುದಲ್ಲ, ಜೊತೆಯಲ್ಲಿ ಕೆಲಸ ಮಾಡಿದ ಹಿರಿಯರಿಂದ ಬಂದುದು. ಕೃಷಿ, ನೇಯ್ಗೆ, ಕುಂಬಾರಿಕೆ, ಕಮ್ಮಾರಿಕೆ ಮೊದಲಾದ ಕಸುಬುಗಳ ಪದಗಳನ್ನೂ ಸಲಕರಣೆಗಳನ್ನೂ ಆಚರಣೆಗಳನ್ನೂ ಕನ್ನಡ ಜಾನಪದ ಅಧ್ಯಯನವು ಸಂಗ್ರಹಿಸುತ್ತ ಬಂದಿದೆ. ಗಣಕಯಂತ್ರದ ಮುಂದೆ ಕುಳಿತು ದುಡಿಯುವವರ ತಿಳಿವಳಿಕೆಯನ್ನೂ ಇದೇ ಕ್ರಮದಲ್ಲಿ ನೋಡಲು ಅವಕಾಶವಿದೆ.

ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ೧೯೬೫ರಲ್ಲಿ ಪ್ರಕಟವಾದ ‘ದಿ ಸ್ಟಡಿ ಆಫ್ ಫೋಕ್‌ಲೋರ್’ ಸಂಪುಟದಲ್ಲಿ, ಸಮಾನವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವೇ ಎಂಬ ನಿಲುವನ್ನು ಮಂಡಿಸಿದರು. ಆ ಸಮಾನ ಅಂಶವು ಭಾಷೆ, ಧರ್ಮಗಳಂತೆ ವೃತ್ತಿಯೂ ಆಗಿರಬಹುದು. ರಾಬರ್ಟ್ ಮೆಕಾರ್ಲ್ ೧೯೭೮ರಲ್ಲಿ ವೃತ್ತಿ ಜೀವನದ ಜಾನಪದವನ್ನು ಕುರಿತು ಬರೆಯುತ್ತ, ಕೆಲಸವನ್ನು ಕೆಲಸಗಾರರೇ ಪರಸ್ಪರ ಕಲಿಸಿಕೊಳ್ಳುವ ಅಲಿಖಿತ ತಂತ್ರಗಳ ಮೊತ್ತವನ್ನು ಅಧ್ಯಯನದ ಕೇಂದ್ರಕ್ಕೆ ತಂದರು. ಈ ಎರಡು ನಿಲುವುಗಳ ಹಿನ್ನೆಲೆಯಲ್ಲಿ, ಲಿನಕ್ಸ್ ಕರ್ನಲ್‌ನ ನಿರ್ಮಾಣವು ಯಾವುದೋ ಒಂದು ಯಂತ್ರದಲ್ಲಿ ಮಾತ್ರ ವಿಫಲವಾದಾಗ ಅದರ ಕಾರಣವನ್ನು ಹುಡುಕುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಈ ವಿವೇಚನೆಗೆ ದಾವಣಗೆರೆ ಮತ್ತು ಹರಿಹರದ ಪರಿಸರ ಒಪ್ಪುವಂಥದು. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಯು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಮೊದಲಾದ ಯಂತ್ರೋಪಕರಣಗಳನ್ನು ತಯಾರಿಸುತ್ತಿತ್ತು. ದಾವಣಗೆರೆಯಲ್ಲಿ ೧೯೫೧ರಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದು ಇಂದು ನಗರದೊಳಗೆ ಸೇರಿಹೋಗಿರುವ ಶಾಮನೂರಿನ ರಸ್ತೆಯಲ್ಲಿ ೧೯೭೯ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಮತ್ತು ತಂತ್ರಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಮಗ್ಗ, ಲೇತ್, ಗಣಕ ಎಂಬ ಮೂರು ಬಗೆಯ ಯಂತ್ರಗಳನ್ನು ಒಂದೇ ಪರಿಸರದ ಜನ ಒಂದಾದ ಮೇಲೊಂದರಂತೆ ಕೈಗೆ ತೆಗೆದುಕೊಂಡಿದ್ದಾರೆ.

೨. ಕರ್ನಲ್ ಮತ್ತು ಅದರ ನಿರ್ಮಾಣ

ಕರ್ನಲ್ ಎಂದರೆ ಗಣಕದ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಮೆಮೊರಿ, ಡಿಸ್ಕ್, ಕೀಲಿಮಣೆ, ಜಾಲ ಇವುಗಳಿಗೂ ಬಳಕೆದಾರನ ತಂತ್ರಾಂಶಗಳಿಗೂ ನಡುವೆ ನಿಂತು ಹಂಚಿಕೆ ಮಾಡುವ ಭಾಗ ಇದು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರ ಆಗಸ್ಟ್ ೨೫ರಂದು ತಮ್ಮ ಪ್ರಯತ್ನವನ್ನು ಮೊದಲಿಗೆ ಬಹಿರಂಗಪಡಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿ ಸುಮಾರು ೧೦,೦೦೦ ಸಾಲುಗಳಿದ್ದವು. ಇಂದು ಆಕರ ಪಠ್ಯವು ಮೂರು ಕೋಟಿ ಸಾಲುಗಳನ್ನು ದಾಟಿದೆ. ೧೯೯೨ರಲ್ಲಿ ಇದನ್ನು ಮುಕ್ತ ಪರವಾನಗಿಯ ಅಡಿಯಲ್ಲಿ ತಂದುದರಿಂದ ಯಾರು ಬೇಕಾದರೂ ಪಠ್ಯವನ್ನು ಪಡೆದು, ತಿದ್ದಿ, ತಮ್ಮ ಯಂತ್ರದಲ್ಲಿ ಕಟ್ಟಿಕೊಳ್ಳಬಹುದು.

ಬಹುಪಾಲು ಬಳಕೆದಾರರಿಗೆ ಇದರ ಅಗತ್ಯ ಬೀಳುವುದಿಲ್ಲ. ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ವಿತರಣೆಗಳು ಸಿದ್ಧ ಕರ್ನಲ್ ಅನ್ನೇ ಕೊಡುತ್ತವೆ. ಕಾಲೇಜಿನ ಪ್ರಯೋಗಾಲಯದ ವಿದ್ಯಾರ್ಥಿಗಳು, ಹೊಸ ಸಾಧನಕ್ಕೆ ಚಾಲಕ ತಂತ್ರಾಂಶ ಬರೆಯುವವರು, ಹಳೆಯ ಯಂತ್ರಕ್ಕೆ ಹಗುರವಾದ ಕರ್ನಲ್ ಬಯಸುವವರು ಇದನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ನಿರ್ಮಾಣವು ಹಲವು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಆಯ್ಕೆ. ಯಾವ ಸಾಧನಗಳಿಗೆ ಬೆಂಬಲ ಬೇಕು, ಯಾವುದು ಬೇಡ ಎಂಬುದನ್ನು ‘ಕಾನ್ಫಿಗ್’ ಎಂಬ ಕಡತದಲ್ಲಿ ಬರೆಯಲಾಗುತ್ತದೆ. ಹೀಗೆ ಆರಿಸಬೇಕಾದ ಅಂಶಗಳ ಸಂಖ್ಯೆ ೧೦,೦೦೦ಕ್ಕೂ ಹೆಚ್ಚು. ಎರಡನೆಯದು, ನಿರ್ಮಾಣಕ್ಕೆ ಬೇಕಾದ ಸಣ್ಣ ಉಪಕರಣಗಳನ್ನು ಅದೇ ಯಂತ್ರದಲ್ಲಿ ಸಿದ್ಧಪಡಿಸುವುದು. ಮೂರನೆಯದು, ಸಾವಿರಾರು ಆಕರ ಕಡತಗಳನ್ನು ಜಿಸಿಸಿ ಅಥವಾ ಕ್ಲ್ಯಾಂಗ್ ಎಂಬ ಕಂಪೈಲರ್ ಯಂತ್ರಭಾಷೆಗೆ ತಿರುಗಿಸುವುದು. ನಾಲ್ಕನೆಯದು, ಅವುಗಳನ್ನೆಲ್ಲ ಒಂದಾಗಿ ಬೆಸೆಯುವುದು. ಐದನೆಯದು, ಮಾಡ್ಯೂಲ್ ಎಂದು ಕರೆಯುವ ಬಿಡಿ ಭಾಗಗಳನ್ನು ಸಿದ್ಧಪಡಿಸುವುದು. ಇವೆಲ್ಲವನ್ನೂ ‘ಮೇಕ್’ ಎಂಬ ಮೇಸ್ತ್ರಿ ತಂತ್ರಾಂಶವು ನಡೆಸುತ್ತದೆ. ಕಟ್ಟಿ ಮುಗಿದ ಕರ್ನಲ್ ಯಂತ್ರವನ್ನು ಏಳಿಸದಿದ್ದರೆ ಅದು ಬೇರೆಯೇ ಸಮಸ್ಯೆ. ಇಲ್ಲಿ ವಿವೇಚಿಸುವುದು ಕಟ್ಟುವಾಗಲೇ ಕೆಲಸ ನಿಂತುಹೋಗುವ ಸಂದರ್ಭವನ್ನು ಮಾತ್ರ.

೩. ಸಂದೇಶವನ್ನು ಓದುವ ಕ್ರಮ

ಶಾಮನೂರು ರಸ್ತೆಯ ಯಾವುದೇ ದುರಸ್ತಿ ಅಂಗಡಿಯ ಮೇಜಿನ ಮೇಲಿರಬಹುದಾದ, ೪ ಗಿಗಾಬೈಟ್ ಮೆಮೊರಿಯ ಹಳೆಯ ಗಣಕವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಪಕ್ಕದ ಯಂತ್ರದಲ್ಲಿ ಸಲೀಸಾಗಿ ಮುಗಿದ ನಿರ್ಮಾಣ ಇದರಲ್ಲಿ ಅರ್ಧಕ್ಕೆ ನಿಂತಿದೆ. ತೆರೆಯ ಕೊನೆಯ ಸಾಲಿನಲ್ಲಿ ‘ಮೇಕ್: ಎರರ್ ೨’ ಎಂದಿದೆ. ಹೊಸಬರು ಈ ಸಾಲನ್ನೇ ರೋಗವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ವರದಿಯ ಮೇಲಿನ ವರದಿ. ಒಳಗಿನ ಕೋಶದಲ್ಲಿ ಒಂದು ಕಡತ ಕೆಟ್ಟಾಗ ಅಲ್ಲಿಯ ಮೇಕ್ ‘ಎರರ್ ೧’ ಎನ್ನುತ್ತದೆ. ಅದರ ಮೇಲಿನ ಕೋಶದ ಮೇಕ್ ತನ್ನ ಕೈಕೆಳಗಿನವನು ಸೋತನೆಂದು ‘ಎರರ್ ೨’ ಎನ್ನುತ್ತದೆ. ಹೀಗೆ ದೂರು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಬಂದು ಕೊನೆಗೆ ಹೆಬ್ಬಾಗಿಲಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅನುಭವಿಗಳು ಮೊದಲು ಕೇಳುವುದು “ಅದರ ಮೇಲೇನು ಬಂದಿದೆ ನೋಡು” ಎಂದು.

ಇಲ್ಲಿ ಇನ್ನೊಂದು ತೊಡಕಿದೆ. ಕೆಲಸ ಬೇಗ ಮುಗಿಯಲೆಂದು ನಾಲ್ಕು, ಎಂಟು ಕಡತಗಳನ್ನು ಏಕಕಾಲಕ್ಕೆ ಕಟ್ಟಲು ಮೇಕ್‌ಗೆ ಹೇಳುವುದು ರೂಢಿ. ಆಗ ಒಂದು ಕಡತ ಕೆಟ್ಟರೂ ಉಳಿದವುಗಳ ಸಂದೇಶಗಳು ಅದರ ಮೇಲೆ ಬಂದು ಬೀಳುತ್ತವೆ. ನಿಜವಾದ ದೂರು ಹತ್ತಾರು ಸಾಲುಗಳ ಹಿಂದೆ ಹೂತುಹೋಗಿರುತ್ತದೆ. ಪರಿಹಾರ ಸರಳ: ಸಂದೇಶಗಳನ್ನೆಲ್ಲ ಒಂದು ಕಡತದಲ್ಲಿ ಉಳಿಸಿಕೊಂಡು, ಒಂದು ಬಾರಿಗೆ ಒಂದೇ ಕಡತ ಎಂಬ ನಿಯಮದಲ್ಲಿ ಮತ್ತೊಮ್ಮೆ ನಡೆಸುವುದು. ಆಗ ಕೆಲಸ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ದೂರು ಇರುತ್ತದೆ.

ಈ ಮರುನಡೆಸುವಿಕೆಯು ದೋಷಶೋಧನೆಯ ಅತ್ಯಂತ ಮುಖ್ಯವಾದ ಪ್ರಶ್ನೆಗೂ ಉತ್ತರ ಕೊಡುತ್ತದೆ. ಎರಡನೆಯ ಸಲವೂ ನಿರ್ಮಾಣ ಅದೇ ಕಡತದಲ್ಲಿ, ಅದೇ ಸಾಲಿನಲ್ಲಿ ನಿಂತಿತೇ, ಇಲ್ಲವೇ ಬೇರೆ ಕಡೆ ನಿಂತಿತೇ? ಒಂದೇ ಜಾಗದಲ್ಲಿ ನಿಂತರೆ ದೋಷವು ಪಠ್ಯದಲ್ಲಿ, ಆಯ್ಕೆಯಲ್ಲಿ ಅಥವಾ ಉಪಕರಣದಲ್ಲಿದೆ. ಜಾಗ ಬದಲಿಸಿದರೆ ಅನುಮಾನ ಯಂತ್ರದ ಮೇಲೆಯೇ ಬೀಳಬೇಕು. ಮುಂದಿನ ಎಲ್ಲ ಪರೀಕ್ಷೆಗಳೂ ಈ ಒಂದು ವಿಂಗಡಣೆಯನ್ನು ಆಧರಿಸಿವೆ.

೪. ಒಂದೇ ಜಾಗದಲ್ಲಿ ನಿಲ್ಲುವ ದೋಷಗಳು

ಇವುಗಳಲ್ಲಿ ಹೆಚ್ಚು ಸಾಮಾನ್ಯವಾದುದು ಸಲಕರಣೆಯ ಕೊರತೆ. ಫ್ಲೆಕ್ಸ್, ಬೈಸನ್, ಬಿಸಿ ಎಂಬ ಉಪಕರಣಗಳು, ಓಪನ್‌ಎಸ್‌ಎಸ್‌ಎಲ್ ಮತ್ತು ಲಿಬ್‌ಎಲ್ಫ್ ಎಂಬ ಕೋಶಗಳ ತಲೆಬರಹ ಕಡತಗಳು ಇಲ್ಲದಿದ್ದರೆ ನಿರ್ಮಾಣ ಆರಂಭದ ಹಂತಗಳಲ್ಲಿಯೇ ನಿಲ್ಲುತ್ತದೆ. ಲಿಬ್‌ಎಲ್ಫ್ ಇದ್ದರೂ ಅದರ ಅಭಿವೃದ್ಧಿ ಭಾಗ ಪ್ರತ್ಯೇಕ ಪೊಟ್ಟಣದಲ್ಲಿರುತ್ತದೆ ಎಂಬುದು ಹೊಸಬರನ್ನು ಎಡವಿಸುವ ಸಂಗತಿ.

ಎರಡನೆಯದು ಕಾಲದ ಹೊಂದಾಣಿಕೆಯ ದೋಷ. ಕಂಪೈಲರ್ ತೀರ ಹಳೆಯದಾದರೆ ಹೊಸ ಕರ್ನಲ್ ಅದನ್ನು ಒಪ್ಪುವುದಿಲ್ಲ. ೨೦೨೧ರಲ್ಲಿ ಬಂದ ೫.೧೫ನೆಯ ಆವೃತ್ತಿ ಕನಿಷ್ಠ ಜಿಸಿಸಿ ೫.೧ ಇರಬೇಕೆಂದು ವಿಧಿಸಿತು. ಇದರ ತದ್ವಿರುದ್ಧ ಸ್ಥಿತಿಯೂ ಉಂಟು. ೨೦೨೦ರಲ್ಲಿ ಬಿಡುಗಡೆಯಾದ ಜಿಸಿಸಿ ೧೦, ಒಂದೇ ಹೆಸರಿನ ಚರಾಂಶವನ್ನು ಎರಡು ಕಡತಗಳಲ್ಲಿ ಘೋಷಿಸುವುದನ್ನು ಸಹಿಸದಂತೆ ತನ್ನ ರೂಢಿಯನ್ನು ಬದಲಿಸಿಕೊಂಡಿತು. ಅದುವರೆಗೆ ಸಲೀಸಾಗಿ ಕಟ್ಟುತ್ತಿದ್ದ ಹಳೆಯ ಕರ್ನಲ್‌ಗಳು, ಡಿವೈಸ್ ಟ್ರೀ ಉಪಕರಣವನ್ನು ಬೆಸೆಯುವಲ್ಲಿ ‘ವೈವೈಲಾಕ್’ ಎಂಬ ಹೆಸರು ಎರಡು ಸಲ ಬಂದಿದೆ ಎಂಬ ದೂರಿನೊಂದಿಗೆ ನಿಲ್ಲತೊಡಗಿದವು. ಪಠ್ಯ ಬದಲಾಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಇವೆರಡರ ನಡುವಣ ಉಪಕರಣ ಮಾತ್ರ ಹೊಸದಾಗಿತ್ತು. ಪಕ್ಕದ ಯಂತ್ರದಲ್ಲಿ ಆಗುವುದು ಈ ಯಂತ್ರದಲ್ಲಿ ಏಕಾಗದು ಎಂಬುದಕ್ಕೆ ಇಂಥ ವ್ಯತ್ಯಾಸವೇ ಅನೇಕ ಸಲ ಉತ್ತರ.

ಮೂರನೆಯದು ಎರವಲು ತಂದ ಆಯ್ಕೆ ಕಡತದ ದೋಷ. ೧೦,೦೦೦ ಆಯ್ಕೆಗಳನ್ನು ಹೊಸದಾಗಿ ಮಾಡುವ ಬದಲು, ವಿತರಣೆಯವರು ಕೊಟ್ಟ ಕಾನ್ಫಿಗ್ ಅನ್ನೇ ಪ್ರತಿ ಮಾಡಿಕೊಳ್ಳುವುದು ವಾಡಿಕೆ. ಡೆಬಿಯನ್ ಹಾಗೂ ಉಬುಂಟುಗಳ ಕಡತದಲ್ಲಿ ಆ ಸಂಸ್ಥೆಗಳ ಪ್ರಮಾಣಪತ್ರದ ಹಾದಿಯೂ ಸೇರಿರುತ್ತದೆ. ಪ್ರಮಾಣಪತ್ರವಾದರೋ ಬಳಕೆದಾರನ ಆಕರ ಪಠ್ಯದಲ್ಲಿ ಇರುವುದಿಲ್ಲ. ಹೀಗಾಗಿ ‘ಸರ್ಟ್ಸ್’ ಎಂಬ ಕೋಶದಲ್ಲಿ, ಬೇಕಾದ ಕಡತವನ್ನು ತಯಾರಿಸುವ ವಿಧಿ ತಿಳಿಯದು ಎಂಬ ದೂರಿನೊಂದಿಗೆ ಕೆಲಸ ನಿಲ್ಲುತ್ತದೆ. ನಂಬಿಕೆಯ ಕೀಲಿಗಳೆಂಬ ಆಯ್ಕೆಯ ಮುಂದಿನ ಹಾದಿಯನ್ನು ಅಳಿಸಿ ಖಾಲಿ ಬಿಟ್ಟರೆ ನಿರ್ಮಾಣ ಮುಂದುವರಿಯುತ್ತದೆ.

ನಾಲ್ಕನೆಯದು ಇರಿಸಿದ ಸ್ಥಳದ ದೋಷ. ಆಕರ ಪಠ್ಯವಿರುವ ಕೋಶದ ಹೆಸರಿನ ಹಾದಿಯಲ್ಲಿ ಖಾಲಿ ಜಾಗವಾಗಲಿ ವಿವರಣ ಚಿಹ್ನೆಯಾಗಲಿ ಇರಬಾರದು. ಇದಲ್ಲದೆ ನೆಟ್‌ಫಿಲ್ಟರ್ ವಿಭಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳಲ್ಲಿ ಮಾತ್ರ ಭಿನ್ನವಾದ ಹೆಸರಿನ ಕಡತಗಳಿವೆ. ಆ ಭೇದವನ್ನು ಎಣಿಸದ ಡಿಸ್ಕಿನಲ್ಲಿ ಪಠ್ಯವನ್ನು ಬಿಚ್ಚಿದರೆ ಒಂದು ಕಡತವು ಇನ್ನೊಂದನ್ನು ನುಂಗಿಹಾಕುತ್ತದೆ. ವಿಂಡೋಸ್ ಯಂತ್ರದ ಡಿಸ್ಕಿನಲ್ಲಿ ಬಿಚ್ಚಿ, ಅಲ್ಲಿಂದ ಲಿನಕ್ಸ್ ಯಂತ್ರಕ್ಕೆ ಪ್ರತಿ ಮಾಡಿದವರಿಗೆ ಈ ತೊಂದರೆ ಎದುರಾಗುತ್ತದೆ.

೫. ಜಾಗ ಬದಲಿಸುವ ದೋಷಗಳು

ಈ ವರ್ಗದ ದೋಷಗಳು ನೋಡುವುದಕ್ಕೆ ಕಂಪೈಲರ್‌ನದೇ ತಪ್ಪೆಂಬಂತೆ ತೋರುತ್ತವೆ. ಮೊದಲು ಪರಿಶೀಲಿಸಬೇಕಾದುದು ಇಕ್ಕಟ್ಟಿನ ಸ್ಥಿತಿಯನ್ನು. ಪೂರ್ಣ ವಿತರಣೆಯ ಆಯ್ಕೆ ಕಡತದೊಂದಿಗೆ, ದೋಷಶೋಧನೆಯ ಮಾಹಿತಿಯನ್ನೂ ಸೇರಿಸಿ ಕಟ್ಟಿದರೆ ಡಿಸ್ಕಿನಲ್ಲಿ ಹತ್ತಾರು ಗಿಗಾಬೈಟ್ ಜಾಗ ಬೇಕಾಗುತ್ತದೆ. ಮೆಮೊರಿ ಸಾಲದಿದ್ದರೆ ಚಾಲನೆಯಲ್ಲಿರುವ ಕರ್ನಲ್ ತನ್ನ ರಕ್ಷಣೆಗಾಗಿ ಕಂಪೈಲರ್ ಅನ್ನೇ ಕೊಂದುಹಾಕುತ್ತದೆ. ಆಗ ತೆರೆಯ ಮೇಲೆ ‘ಕಿಲ್ಡ್’ ಎಂಬ ಒಂದು ಮಾತು ಬರುತ್ತದೆ. ಅದರ ವಿವರವನ್ನು ಕರ್ನಲ್‌ನ ದಿನಚರಿಯಲ್ಲಿ, ಅಂದರೆ ‘ಡಿಮೆಸೇಜ್’ನಲ್ಲಿ ಹುಡುಕಬೇಕು. ೪ ಗಿಗಾಬೈಟಿನ ಯಂತ್ರದಲ್ಲಿ ಏಕಕಾಲದ ಕೆಲಸಗಳನ್ನು ಕಡಿಮೆ ಮಾಡುವುದು, ಡಿಸ್ಕಿನಲ್ಲಿ ಸ್ವಾಪ್ ಜಾಗ ಹೆಚ್ಚಿಸುವುದು, ದೋಷಶೋಧನೆಯ ಮಾಹಿತಿಯನ್ನು ಕೈಬಿಡುವುದು ಇದಕ್ಕೆ ಮದ್ದು. ೨೦೦೯ರಲ್ಲಿ ೨.೬.೩೨ನೆಯ ಆವೃತ್ತಿಯೊಂದಿಗೆ ಬಂದ ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ವಿಧಾನವು ಆ ಯಂತ್ರದಲ್ಲಿ ಆ ಹೊತ್ತಿಗೆ ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿ ಕೆಲಸವನ್ನು ಬಹಳವಾಗಿ ತಗ್ಗಿಸುತ್ತದೆ. ಆ ಹೊತ್ತಿನಲ್ಲಿ ಜೋಡಿಸದಿದ್ದ ಪ್ರಿಂಟರ್, ಪೆನ್‌ಡ್ರೈವ್‌ಗಳ ಮಾಡ್ಯೂಲ್‌ಗಳು ಬಿಟ್ಟುಹೋಗಬಹುದೆಂಬ ಎಚ್ಚರ ಮಾತ್ರ ಅಗತ್ಯ.

ಇಕ್ಕಟ್ಟು ಇಲ್ಲದಿದ್ದರೂ ಕಂಪೈಲರ್ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ‘ಸಿಗ್ನಲ್ ೧೧’ ಅಥವಾ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಿದ್ದರೆ, ರ‍್ಯಾಮ್ ಕೆಟ್ಟಿರುವ ಸಂಭವವಿದೆ. ಇದು ೧೯೯೦ರ ದಶಕದಲ್ಲಿಯೇ ಲಿನಕ್ಸ್ ಬಳಗದಲ್ಲಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ನೆದರ್ಲೆಂಡ್ಸಿನ ರೋಗಿಯರ್ ವೊಲ್ಫ್ ಇದೊಂದೇ ಸಮಸ್ಯೆಗೆ ಪ್ರಶ್ನೋತ್ತರ ಮಾಲೆಯನ್ನು ಸಿದ್ಧಪಡಿಸಿದರು. ಇದಕ್ಕೆ ಕಾರಣ ಹೀಗಿದೆ: ಕಂಪೈಲರ್ ತನ್ನ ಕೆಲಸದಲ್ಲಿ ಮೆಮೊರಿಯ ವಿಳಾಸಗಳನ್ನು ಸರಪಣಿಯಂತೆ ಕೊಂಡಿ ಹಾಕಿಕೊಂಡು ಹೋಗುತ್ತದೆ. ಕೆಟ್ಟ ರ‍್ಯಾಮಿನಲ್ಲಿ ಒಂದು ಬಿಟ್ ಮಗುಚಿದರೂ ವಿಳಾಸ ತಪ್ಪುತ್ತದೆ, ತಪ್ಪಿದ ವಿಳಾಸಕ್ಕೆ ಹೋದ ತಂತ್ರಾಂಶವನ್ನು ವ್ಯವಸ್ಥೆ ಅಲ್ಲಿಯೇ ನಿಲ್ಲಿಸುತ್ತದೆ. ಪತ್ರ ಬರೆಯುವ, ಚಿತ್ರ ನೋಡುವ ದಿನನಿತ್ಯದ ಕೆಲಸದಲ್ಲಿ ಇದೇ ಬಿಟ್ ಮಗುಚಿದರೆ ಒಂದು ಚುಕ್ಕೆಯ ಬಣ್ಣ ಬದಲಾದೀತು, ಯಾರ ಗಮನಕ್ಕೂ ಬಾರದು. ಆದ್ದರಿಂದಲೇ ಬೇರೆಲ್ಲ ಕೆಲಸದಲ್ಲಿ ಸರಿಯಿದ್ದಂತೆ ತೋರುವ ಯಂತ್ರ ಕರ್ನಲ್ ನಿರ್ಮಾಣದಲ್ಲಿ ಸೋಲುತ್ತದೆ. ಧೂಳು ತುಂಬಿದ ಫ್ಯಾನ್, ಬಿಸಿಯೇರಿದ ಪ್ರೊಸೆಸರ್, ಸೊರಗಿದ ಎಸ್‌ಎಂಪಿಎಸ್ ಕೂಡ ಇದೇ ಲಕ್ಷಣವನ್ನು ತೋರಬಲ್ಲವು. ಹೊಸ ಯಂತ್ರವೆಂಬ ಕಾರಣಕ್ಕೆ ಅನುಮಾನವನ್ನು ಕೈಬಿಡುವಂತಿಲ್ಲ. ೨೦೧೭ರಲ್ಲಿ ಎಎಂಡಿ ಸಂಸ್ಥೆಯ ಆರಂಭಿಕ ರೈಜೆನ್ ಪ್ರೊಸೆಸರುಗಳಲ್ಲಿ ಕೆಲವು, ಲಿನಕ್ಸಿನಲ್ಲಿ ಏಕಕಾಲಕ್ಕೆ ಹಲವು ಕಡತಗಳನ್ನು ಕಟ್ಟುವಾಗ ಹೀಗೆಯೇ ಬೀಳುತ್ತಿದ್ದವು. ಸಂಸ್ಥೆಯು ಸಮಸ್ಯೆಯನ್ನು ಒಪ್ಪಿಕೊಂಡು, ದೂರಿತ್ತವರ ಪ್ರೊಸೆಸರುಗಳನ್ನು ಬದಲಿಸಿಕೊಟ್ಟಿತು.

ಪರೀಕ್ಷೆಯ ಕ್ರಮವೂ ನಿಶ್ಚಿತವಾದುದು. ಅದೇ ಪಠ್ಯವನ್ನೂ ಅದೇ ಆಯ್ಕೆ ಕಡತವನ್ನೂ ಅದೇ ಕಂಪೈಲರ್ ಇರುವ ಇನ್ನೊಂದು ಯಂತ್ರಕ್ಕೆ ಒಯ್ದು ಕಟ್ಟುವುದು. ಅಲ್ಲಿ ಮುಗಿದರೆ ದೋಷ ಈ ಯಂತ್ರದ್ದೆಂಬುದು ಖಚಿತ. ಬಳಿಕ ಮೆಮ್‌ಟೆಸ್ಟ್ ತಂತ್ರಾಂಶವನ್ನು ಇಡೀ ರಾತ್ರಿ ಓಡಿಸುವುದು, ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ನಿರ್ಮಾಣವನ್ನು ಮತ್ತೆ ನಡೆಸುವುದು. ಕೆಟ್ಟ ಭಾಗ ಒಂದೆಡೆ ಸೇರಿದ್ದರೆ, ಆ ವಿಳಾಸಗಳನ್ನು ಮುಟ್ಟಬಾರದೆಂದು ಯಂತ್ರ ಏಳುವಾಗಲೇ ಕರ್ನಲ್‌ಗೆ ತಿಳಿಸಲು ಸಾಧ್ಯ. ಹಾಗೆ ಮಾಡಿ ಉಳಿದ ರ‍್ಯಾಮನ್ನು ಬಳಸಿಕೊಳ್ಳಬಹುದು.

ಈ ಎರಡೂ ವರ್ಗಗಳಿಗೆ ಸೇರದ ಒಂದು ದೋಷ ಹಳೆಯ ಯಂತ್ರಗಳಲ್ಲಿ ಕಾಣುತ್ತದೆ. ಯಾವ ಕಡತವನ್ನು ಮತ್ತೆ ಕಟ್ಟಬೇಕೆಂಬುದನ್ನು ಮೇಕ್ ನಿರ್ಧರಿಸುವುದು ಮುಖ್ಯವಾಗಿ ಕಡತಗಳ ದಿನಾಂಕ ಮತ್ತು ವೇಳೆಯನ್ನು ಹೋಲಿಸಿ. ಮದರ್‌ಬೋರ್ಡಿನ ೩ ವೋಲ್ಟಿನ ಬಿಲ್ಲೆ ಬ್ಯಾಟರಿ ಬತ್ತಿಹೋದರೆ ಯಂತ್ರದ ಗಡಿಯಾರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ನಿನ್ನೆ ತಿದ್ದಿದ ಕಡತ ನಾಳೆಯದಾಗಿ ತೋರುತ್ತದೆ; ಇಂದು ತಿದ್ದಿದುದು ಹಳೆಯದೆಂದು ಕಂಡು ಮೇಕ್ ಅದನ್ನು ಬಿಟ್ಟುಬಿಡಬಹುದು. ಗಡಿಯಾರ ತಪ್ಪಿದೆ, ನಿರ್ಮಾಣ ಅಪೂರ್ಣವಾಗಿರಬಹುದು ಎಂಬ ಎಚ್ಚರಿಕೆಯೊಂದನ್ನು ಮೇಕ್ ಕೊಡುತ್ತದಾದರೂ ಸಾವಿರಾರು ಸಾಲುಗಳ ನಡುವೆ ಅದು ಕಣ್ಣು ತಪ್ಪುತ್ತದೆ. ಹಳೆಯ ಯಂತ್ರದಲ್ಲಿ ಮೊದಲು ತಾರೀಖು ನೋಡಬೇಕೆಂಬ ಕಟ್ಟಳೆ ಇದರಿಂದ ಹುಟ್ಟಿದುದು.

೬. ಆಚರಣೆ, ಮಾತು, ಕಥನ

ಮೇಲೆ ವಿವರಿಸಿದ ಕ್ರಮದ ಬಹುಭಾಗ ಹರಡುವುದು ಬಾಯಿಮಾತಿನಿಂದ ಮತ್ತು ಪಕ್ಕದಲ್ಲಿ ಕುಳಿತು ನೋಡುವುದರಿಂದ. ಸಂದೇಶವು ಇಂಗ್ಲಿಷಿನಲ್ಲಿದ್ದರೂ ಅದನ್ನು ಕುರಿತ ಮಾತು ನಡೆಯುವುದು ಕನ್ನಡದಲ್ಲಿ. ‘ಎರರ್ ಹೊಡೀತಿದೆ’, ‘ರ‍್ಯಾಮ್ ಹೋಗಿದೆ’, ‘ಬೋರ್ಡ್ ಹೋಗಿದೆ’ ಎಂಬ ನುಡಿಗಟ್ಟುಗಳು ದುರಸ್ತಿ ಅಂಗಡಿಗಳಲ್ಲಿ ಸಾಮಾನ್ಯ. ಇಲ್ಲಿ ‘ಹೋಗು’ ಎಂಬ ಕ್ರಿಯಾಪದ ಕೆಟ್ಟಿತು, ಸತ್ತಿತು, ಬದಲಿಸಬೇಕು ಎಂಬ ಮೂರು ಅರ್ಥಗಳನ್ನೂ ಹೊರುತ್ತದೆ. ಕಣ್ಣು ಹೋಯಿತು, ಕರೆಂಟು ಹೋಯಿತು ಎಂಬ ಹಳೆಯ ಬಳಕೆಯೇ ಹೊಸ ಯಂತ್ರಕ್ಕೂ ಸಂದಿದೆ.

ರ‍್ಯಾಮ್ ಪಟ್ಟಿಯನ್ನು ತೆಗೆದು ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ನಮ್ಮಲ್ಲಿ ವ್ಯಾಪಕವಾಗಿರುವ ಕೈಮದ್ದು. ಸಂಪರ್ಕದ ಮೇಲಿನ ಕಿಲುಬು ಅಥವಾ ಕೊಳೆಯೇ ಕಾರಣವಾಗಿದ್ದರೆ ಇದು ಫಲಿಸುತ್ತದೆ. ಚಿಪ್ಪೇ ಕೆಟ್ಟಿದ್ದರೆ ಫಲಿಸದು. ಇದನ್ನು ಮೂಢನಂಬಿಕೆಯೆಂದು ತಳ್ಳುವುದೂ ಸರ್ವರೋಗಕ್ಕೆ ಮದ್ದೆಂದು ನಂಬುವುದೂ ಸರಿಯಲ್ಲ. ಆಯುಧಪೂಜೆಯ ದಿನ ಅದೇ ಯಂತ್ರಕ್ಕೆ ವಿಭೂತಿ, ಕುಂಕುಮ, ಹೂ ಇರಿಸುವವರು ರಬ್ಬರಿನ ಕೆಲಸವನ್ನು ಪೂಜೆಯೆಂದು ಭಾವಿಸುವುದಿಲ್ಲ. ಈ ಎರಡರ ಭೇದ ಅವರಿಗೆ ಸ್ಪಷ್ಟವಿದೆ.

‘ಮೇಕ್ ಕ್ಲೀನ್’ ಎಂಬ ಆಜ್ಞೆಯ ಸ್ಥಿತಿ ಹೀಗಲ್ಲ. ಕಟ್ಟಿದುದನ್ನೆಲ್ಲ ಅಳಿಸಿ ಮೊದಲಿಂದ ಆರಂಭಿಸುವ ಈ ಆಜ್ಞೆ ಗಡಿಯಾರದ ದೋಷದಂಥ ಸಂದರ್ಭದಲ್ಲಿ, ತಾರೀಖನ್ನು ಸರಿಪಡಿಸಿದ ಮೇಲೆ, ನಿಜವಾಗಿಯೂ ಪರಿಹಾರ. ಆದರೆ ಯಾವ ದೋಷಕ್ಕಾದರೂ ಮೊದಲು ಇದನ್ನೇ ಮಾಡುವುದು ಬಹುಮಟ್ಟಿಗೆ ಆಚರಣೆಯಾಗಿಬಿಟ್ಟಿದೆ. ಅದಕ್ಕಿಂತ ಕಟುವಾದುದು ‘ಮಿಸ್ಟರ್ ಪ್ರಾಪರ್’ ಎಂಬ ಆಜ್ಞೆ. ಯುರೋಪಿನಲ್ಲಿ ಮಾರಾಟವಾಗುವ ನೆಲ ಒರೆಸುವ ದ್ರಾವಣವೊಂದರ ಹೆಸರು ಅದಕ್ಕೆ ಬಂದಿದೆ. ಇದು ಆಯ್ಕೆ ಕಡತವನ್ನೂ ಅಳಿಸಿಹಾಕುತ್ತದೆ. ಗಂಟೆಗಟ್ಟಲೆ ಕುಳಿತು ಮಾಡಿದ ಆಯ್ಕೆಗಳ ಜೊತೆಗೆ ದೋಷದ ಸಾಕ್ಷ್ಯವೂ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಕೆಟ್ಟ ರ‍್ಯಾಮಿಗಾಗಿ ಮತ್ತೆ ಮತ್ತೆ ಕ್ಲೀನ್ ಮಾಡುವವರಿಗೆ ಸರಿಯಾಗಿ ಒಪ್ಪುತ್ತದೆ.

ಈ ಕಸುಬಿಗೆ ತನ್ನದೇ ಆದ ಮೂಲಕಥನಗಳೂ ಇವೆ. ಮೇಕ್ ತಂತ್ರಾಂಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ೧೯೭೬ರಲ್ಲಿ ರಚಿಸಿದವರು ಸ್ಟುವರ್ಟ್ ಫೆಲ್ಡ್‌ಮನ್. ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗನ್ನೆಲ್ಲ ಸರಿಯಾಗಿಯೇ ಇದ್ದ ತಂತ್ರಾಂಶದಲ್ಲಿ ತಪ್ಪು ಹುಡುಕುತ್ತ ಕಳೆದರು. ತಪ್ಪನ್ನು ಆಗಲೇ ತಿದ್ದಿದ್ದರು, ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಅವರು ಸಿಡುಕುತ್ತ ತಮ್ಮ ಕೋಣೆಗೆ ಬಂದುದೇ ಮೇಕ್‌ನ ಹುಟ್ಟಿಗೆ ಕಾರಣವೆಂದು ಫೆಲ್ಡ್‌ಮನ್ ಹೇಳಿದ್ದಾರೆ. ‘ಬಗ್’ ಎಂಬ ಪದದ ಕಥೆ ಇನ್ನೂ ಪ್ರಸಿದ್ಧ. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡ್ ಮಾರ್ಕ್ ೨ ಗಣಕದಲ್ಲಿ ಸಿಕ್ಕ ಪತಂಗವನ್ನು ದಿನಚರಿಯ ಪುಟಕ್ಕೆ ಅಂಟಿಸಿದುದು ನಿಜ. ಆ ಪದ ಅಲ್ಲಿಯೇ ಹುಟ್ಟಿತೆಂಬುದು ಮಾತ್ರ ಐತಿಹ್ಯ. ಯಂತ್ರದ ದೋಷವೆಂಬ ಅರ್ಥದಲ್ಲಿ ಎಡಿಸನ್ ೧೮೭೮ರಲ್ಲಿಯೇ ಅದನ್ನು ಬಳಸಿದ್ದರು. ವಾಸ್ತವ ಘಟನೆಯೊಂದಕ್ಕೆ ಉತ್ಪತ್ತಿಯ ಕಥೆ ಸೇರಿಕೊಳ್ಳುವ ಈ ಬಗೆ ನಮ್ಮ ಸ್ಥಳಪುರಾಣಗಳ ಅಧ್ಯಯನದಲ್ಲಿ ಪರಿಚಿತವಾದುದೇ.

೭. ಸಮಾರೋಪ

ಮೇಲಿನ ವಿವೇಚನೆಯಿಂದ, ಕರ್ನಲ್ ನಿರ್ಮಾಣದ ದೋಷಶೋಧನೆಯು ಆಜ್ಞೆಗಳ ಪಟ್ಟಿಯಲ್ಲ, ಪ್ರಶ್ನೆಗಳ ಅನುಕ್ರಮ ಎಂಬುದು ಸ್ಪಷ್ಟವಾಗುತ್ತದೆ. ಮೊದಲ ದೂರು ಯಾವುದು, ಮತ್ತೆ ನಡೆಸಿದರೆ ಅಲ್ಲಿಯೇ ನಿಲ್ಲುತ್ತದೆಯೇ, ಜಾಗವೂ ಮೆಮೊರಿಯೂ ಇವೆಯೇ, ತಾರೀಖು ಸರಿಯಿದೆಯೇ, ಇನ್ನೊಂದು ಯಂತ್ರದಲ್ಲಿ ಮುಗಿಯುತ್ತದೆಯೇ ಎಂಬ ಐದು ಪ್ರಶ್ನೆಗಳಲ್ಲಿ ಈ ಕಸುಬಿನ ಸಾರವಿದೆ. ಅನುಕ್ರಮ ತಪ್ಪಿದರೆ ಪ್ರತಿಯೊಂದು ಉತ್ತರವೂ ದಾರಿ ತಪ್ಪಿಸುತ್ತದೆ.

ಇದರ ದಾಖಲಾತಿ ಕೇವಲ ವಿದ್ವತ್ತಿನ ಕುತೂಹಲವಲ್ಲ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಮುಂದಿನ ಆವೃತ್ತಿಗೆ ಒಗ್ಗದ ಹಳೆಯ ಗಣಕಗಳು ಗುಜರಿಗೆ ಹೋಗುತ್ತವೆಯೋ, ಲಿನಕ್ಸಿನೊಂದಿಗೆ ಇನ್ನಷ್ಟು ವರ್ಷ ಶಾಲೆಯಲ್ಲೋ ಗ್ರಂಥಾಲಯದಲ್ಲೋ ದುಡಿಯುತ್ತವೆಯೋ ಎಂಬುದು ಹಲವು ಸಲ ನಿಲ್ಲುವುದು ಒಂದು ರ‍್ಯಾಮ್ ಪಟ್ಟಿಯ, ಒಂದು ಬಿಲ್ಲ ಬ್ಯಾಟರಿಯ ದೋಷವನ್ನು ಗುರುತಿಸಬಲ್ಲ ಮನುಷ್ಯನ ಮೇಲೆ. ಆ ತಿಳಿವಳಿಕೆ ಇಲ್ಲದಲ್ಲಿ ಇಡೀ ಯಂತ್ರವೇ ‘ಹೋಗಿದೆ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ೨೦೦೦ದ ದಶಕದ ಆರಂಭದಲ್ಲಿ ಸ್ಥಗಿತವಾಯಿತು. ಅಲ್ಲಿ ತಯಾರಾದ ಲೇತುಗಳನ್ನು ನೋಡಲು ಇಂದಿಗೂ ಸಾಧ್ಯ. ಲೇತಿನ ಸದ್ದಿನಿಂದಲೇ ದೋಷವನ್ನು ಹೇಳುತ್ತಿದ್ದ ಕಿವಿಗಳ ತಿಳಿವಳಿಕೆ ಆ ಕೆಲಸಗಾರರ ಜೊತೆಯಲ್ಲಿಯೇ ಸರಿಯುತ್ತದೆ. ಗಣಕದ ಕಸುಬಿನವರ ಪದಗಳನ್ನೂ ಪ್ರಶ್ನೆಗಳ ಕ್ರಮವನ್ನೂ ಕಥನಗಳನ್ನೂ, ಅವರು ಇನ್ನೂ ಮೇಜಿನ ಮುಂದೆ ಇರುವಾಗಲೇ, ಅವರ ಮಾತಿನಲ್ಲಿಯೇ ಸಂಗ್ರಹಿಸುವುದು ಕನ್ನಡ ಜಾನಪದ ಅಧ್ಯಯನದ ಮುಂದಿರುವ ಕೆಲಸ. ಇದಕ್ಕೆ ದಾವಣಗೆರೆ ಮತ್ತು ಹರಿಹರದ ಕಾಲೇಜುಗಳ ಪ್ರಯೋಗಾಲಯಗಳೂ ದುರಸ್ತಿ ಅಂಗಡಿಗಳೂ ಉತ್ತಮ ಕ್ಷೇತ್ರಗಳಾಗಬಲ್ಲವು.